ಮಕ್ಕಳ ಲಿಂಗ ಪರಿವರ್ತನೆ ಚಿಕಿತ್ಸೆಗೆ ನಿಷೇಧ: ಮೂಟ್ ಕೋರ್ಟ್‌ಗೆ ವಾದ ಕಟ್ಟುವ ಬಗೆ

ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಂದ ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ವಾದಿಸುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇವೆ. ಪ್ರಶ್ನೆ ಹೀಗಿರಲಿ: 18 ವರ್ಷದೊಳಗಿನವರಿಗೆ ಲಿಂಗ ಪರಿವರ್ತನೆಗಾಗಿ ಹಾರ್ಮೋನ್ ಕೊಡಬಾರದೆಂದು ರಾಜ್ಯ ಕಾಯ್ದೆ ಮಾಡಿದೆ, ಅದನ್ನು ಪ್ರಶ್ನಿಸಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಅರ್ಜಿ ಬಂದಿದೆ. ಕಾಯ್ದೆ ಕಲ್ಪಿತ. ಆದರೆ ಅಮೆರಿಕದಲ್ಲಿ ಇದೇ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿದೆ. ಟೆನೆಸಿ ರಾಜ್ಯದ 2023ರ ಕಾಯ್ದೆಯನ್ನು 2025ರ ಜೂನ್ 18ರಂದು ಸ್ಕ್ರಮೆಟ್ಟಿ ಪ್ರಕರಣದಲ್ಲಿ ಕೋರ್ಟ್ 6-3ರಿಂದ ಎತ್ತಿಹಿಡಿಯಿತು.

ಮೊದಲು ತೀರ್ಪನ್ನು ಪೂರ್ತಿ ಓದಿ. ಸುದ್ದಿಯ ಸಾರಾಂಶ ನಂಬಿದವರು ಪೀಠದ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಆಮೇಲೆ ಒಂದು ಹಾಳೆಯಲ್ಲಿ ಇಬ್ಬರು ಮಕ್ಕಳನ್ನು ಬರೆದುಕೊಳ್ಳಿ. ಪ್ರೌಢಾವಸ್ಥೆ ತಡವಾದ 15ರ ಹುಡುಗನಿಗೆ ಟೆಸ್ಟೊಸ್ಟಿರೋನ್ ಕೊಡಬಹುದು. ಹುಟ್ಟಿನಿಂದ ಹೆಣ್ಣೆಂದು ದಾಖಲಾಗಿ, ತಾನು ಗಂಡೆಂದು ಹೇಳುವ 15ರ ಮಗುವಿಗೆ ಅದೇ ಔಷಧ ಕೊಡುವಂತಿಲ್ಲ. ಮಗುವಿನ ಲಿಂಗ ತಿಳಿಯದೆ ಈ ಕಾಯ್ದೆಯನ್ನು ಜಾರಿ ಮಾಡುವುದು ಹೇಗೆ? ಅರ್ಜಿದಾರರ ವಾದದ ಬೇರು ಇದು, ನ್ಯಾಯಮೂರ್ತಿ ಸೊಟೊಮಯೋರ್ ಅವರ ಭಿನ್ನ ತೀರ್ಪಿನ ಬಲವೂ ಇಲ್ಲಿಯೇ ಇದೆ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಕೊಟ್ಟ ಉತ್ತರ ಬೇರೆ: ಗೆರೆ ಎಳೆದಿರುವುದು ವಯಸ್ಸು ಮತ್ತು ಚಿಕಿತ್ಸೆಯ ಉದ್ದೇಶದ ಮೇಲೆ, ಲಿಂಗದ ಮೇಲಲ್ಲ, ಆದ್ದರಿಂದ ಕಾಯ್ದೆಗೆ ತರ್ಕಬದ್ಧ ಆಧಾರವಿದ್ದರೆ ಸಾಕು. ನೀವು ಯಾವ ಕಡೆ ನಿಂತರೂ ಈ ಎರಡೂ ವಾದಗಳನ್ನು ಬಾಯಿಪಾಠ ಮಾಡಿರಬೇಕು. ಗೆಲುವು ಸೋಲು ಇಲ್ಲೇ ತೀರ್ಮಾನವಾಗುತ್ತದೆ.

ಹೆಚ್ಚಾಗಿ ಎಡವುವುದು ಮೂರು ಕಡೆ. ನಿಷೇಧ ಮಕ್ಕಳಿಗೆ ಒಳ್ಳೆಯದೆಂದು ಕೋರ್ಟ್ ಹೇಳಿದೆ ಎನ್ನುವುದು ತಪ್ಪು. ಅದರ ತೀರ್ಮಾನವನ್ನು ಶಾಸಕಾಂಗಕ್ಕೆ ಬಿಟ್ಟಿದೆ. ತಂದೆತಾಯಿಯ ಹಕ್ಕನ್ನು ಕೋರ್ಟ್ ತಳ್ಳಿಹಾಕಿದೆ ಎನ್ನುವುದೂ ತಪ್ಪು. ಆ ಪ್ರಶ್ನೆಯನ್ನು ಅದು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವಿಶೇಷ ರಕ್ಷಣೆಯ ವರ್ಗವಾಗುವ ಅರ್ಹತೆ ಇಲ್ಲ ಎಂದದ್ದು ನ್ಯಾಯಮೂರ್ತಿ ಬ್ಯಾರೆಟ್ ಅವರ ಪ್ರತ್ಯೇಕ ಸಹಮತದ ತೀರ್ಪು, ಅದನ್ನು ಕೋರ್ಟಿನ ಮಾತೆಂದು ಹೇಳಬೇಡಿ. ಬಹುಮತ ಅದನ್ನು ತೀರ್ಮಾನಿಸಲೇ ಇಲ್ಲ.

ಇಷ್ಟೆಲ್ಲ ಓದಿದ ಮೇಲೂ ನೆನಪಿಡಿ, ವಿದೇಶಿ ತೀರ್ಪು ಇಲ್ಲಿ ಮನವೊಲಿಸಬಲ್ಲದು, ಕಟ್ಟಿಹಾಕಲಾರದು. ಮೆಮೋರಿಯಲ್‌ನ (ನೀವು ಸಲ್ಲಿಸುವ ಲಿಖಿತ ವಾದದ) ಮುಕ್ಕಾಲು ಪಾಲು ನಮ್ಮ ಸಂವಿಧಾನವೇ ಇರಲಿ. ತಾರತಮ್ಯ ನಿಷೇಧಿಸುವ 15ನೇ ವಿಧಿಯ ‘ಲಿಂಗ’ ಎಂಬ ಪದದಲ್ಲಿ ಲಿಂಗತ್ವ ಗುರುತೂ ಸೇರುತ್ತದೆ ಎಂದು ನಮ್ಮ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಹೇಳಿದೆ. ಅಮೆರಿಕದ ಅರ್ಜಿದಾರರಿಗೆ ಮುಚ್ಚಿದ ಬಾಗಿಲು ಇಲ್ಲಿ ತೆರೆದೇ ಇದೆ. ಖಾಸಗಿತನದ ಹಕ್ಕಿನ ಕುರಿತ 2017ರ ಪುಟ್ಟಸ್ವಾಮಿ ತೀರ್ಪಿನಿಂದ ಅನುಪಾತದ ಪರೀಕ್ಷೆ, ಅಂದರೆ ಹಕ್ಕಿನ ಮೇಲಿನ ನಿರ್ಬಂಧ ಅಗತ್ಯಕ್ಕಿಂತ ಹೆಚ್ಚಾಗಿದೆಯೇ ಎಂಬ ಅಳತೆಗೋಲು, ಎತ್ತಿಕೊಳ್ಳಿ: ಪೂರ್ತಿ ನಿಷೇಧವೇ ಬೇಕೆ, ವೈದ್ಯಕೀಯ ಮಂಡಳಿಯ ಒಪ್ಪಿಗೆ ಅಥವಾ ಎರಡನೇ ತಜ್ಞರ ಅಭಿಪ್ರಾಯ ಸಾಲದೆ?

ಸರ್ಕಾರದ ಕಡೆಯವರ ಕೈಯಲ್ಲೂ ಒಳ್ಳೆಯ ಎಲೆ ಇದೆ. ಮಕ್ಕಳಿಗಾಗಿ ವಿಶೇಷ ಉಪಬಂಧ ಮಾಡಲು 15(3) ರಾಜ್ಯಕ್ಕೆ ಅಧಿಕಾರ ಕೊಡುತ್ತದೆ. ಸಾಕ್ಷ್ಯಕ್ಕೆ ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್‌ನಲ್ಲಿ ಬಂದ, ಮಕ್ಕಳ ಲಿಂಗತ್ವ ಚಿಕಿತ್ಸೆಯನ್ನು ಪರಿಶೀಲಿಸಿದ ಕ್ಯಾಸ್ ವರದಿ ಇಡಿ. ಪ್ರೌಢಾವಸ್ಥೆ ತಡೆಯುವ ಔಷಧಗಳ ಬಗ್ಗೆ ಪುರಾವೆ ದುರ್ಬಲ ಎಂದು ಅದು ಹೇಳುತ್ತದೆ. ಅಮೆರಿಕದ ಮುಖ್ಯ ವೈದ್ಯಕೀಯ ಸಂಘಗಳು ಈ ನಿಷೇಧಗಳನ್ನು ವಿರೋಧಿಸಿವೆ ಎಂದು ಎದುರಾಳಿ ಹೇಳಿಯೇ ಹೇಳುತ್ತಾರೆ, ತಯಾರಿರಿ. ಅರ್ಜಿದಾರರು 15(3)ಕ್ಕೆ ಕೇಳಬೇಕಾದದ್ದು: ಚಿಕಿತ್ಸೆ ಕಿತ್ತುಕೊಳ್ಳುವುದು ಮಗುವಿಗಾಗಿ ಮಾಡಿದ ಉಪಬಂಧವೆ?

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯನ್ನು ಉಲ್ಲೇಖಿಸುವಾಗ ಹಳೆಯ ಪುಸ್ತಕ ನೆಚ್ಚಬೇಡಿ, ತಿದ್ದುಪಡಿ ಸೇರಿದ ಪಠ್ಯವನ್ನೇ ತೆಗೆದುಕೊಳ್ಳಿ.

ಹತ್ತು ನಿಮಿಷ ಸಿಕ್ಕರೆ ಆರು ನಿಮಿಷಕ್ಕಷ್ಟೇ ವಾದ ಬರೆಯಿರಿ. ಉಳಿದದ್ದು ಪೀಠದ ಪ್ರಶ್ನೆಗಳಿಗೆ. ಮಗುವನ್ನು ‘ಅರ್ಜಿದಾರ ಮಗು’ ಎಂದೇ ಕರೆಯಿರಿ. ಸಭೆಯಲ್ಲಿ ಅಂಥದೇ ಒಂದು ಮಗು ಕೂತಿರಬಹುದು.