ಬ್ರಿಟನ್ನಿಗೆ ಹೊರಡುವ ಮುನ್ನ ಹಳೆಯ ಹೆರಿಗೆಯ ಆಪರೇಷನ್ ನೋಟ್ಸ್ ಕೇಳಿ ಪಡೆಯಿರಿ

ಕೊಡಗಿನಿಂದ ಬ್ರಿಟನ್ನಿಗೆ ಬಂದು ನೆಲೆಸುವ ಎಷ್ಟೋ ಕುಟುಂಬಗಳಲ್ಲಿ ಮೊದಲ ಮಗು ಊರಿನಲ್ಲಿ ಹುಟ್ಟಿರುತ್ತದೆ, ಎರಡನೆಯದು ಇಲ್ಲಿ ಹುಟ್ಟುತ್ತದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹೆಸರು ಬರೆಸುವುದು ಹೇಗೆ ಎಂಬುದನ್ನು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಏನು ಕೈಯಲ್ಲಿರಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೊಸದಾಗಿ ಬಂದವರು ಒಬ್ಬರಾದ ಮೇಲೊಬ್ಬರು ಅಲ್ಲಿಯೇ ಸಿಕ್ಕಿಬೀಳುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಬಸಿರಿನ ಹತ್ತು ವಾರದೊಳಗೆ ನಡೆಯುವ ಮೊದಲ ಭೇಟಿಯಲ್ಲಿ ಹೆರಿಗೆ ನೋಡಿಕೊಳ್ಳುವ ಪರಿಣತ ದಾದಿ, ಅಂದರೆ ಮಿಡ್‌ವೈಫ್ ಹಿಂದಿನ ಹೆರಿಗೆಯ ವಿವರವನ್ನೆಲ್ಲ ಕೇಳುತ್ತಾರೆ. ನಮ್ಮವರು ಡಿಸ್ಚಾರ್ಜ್ ಕಾರ್ಡ್ ತೋರಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಸಿಸೇರಿಯನ್ ಆದ ದಿನಾಂಕ, ಮಗುವಿನ ತೂಕ, ‘ತಾಯಿ ಮಗು ಕ್ಷೇಮ’ ಎಂಬ ಒಂದು ಸಾಲು ಮತ್ತು ಮಾತ್ರೆಗಳ ಪಟ್ಟಿ. ಗರ್ಭಕೋಶವನ್ನು ಅಡ್ಡಕ್ಕೆ ಕೊಯ್ದರೋ ಉದ್ದಕ್ಕೆ ಕೊಯ್ದರೋ, ಕೊಯ್ದ ಗಾಯ ಬದಿಗೆ ಹರಿಯಿತೋ, ರಕ್ತ ಎಷ್ಟು ಹೋಯಿತು ಎಂಬುದು ಇರುವುದು ಆಪರೇಷನ್ ನೋಟ್ಸ್‌ನಲ್ಲಿ. ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿ ಒಳಗಿನ ಗಾಯದ ದಿಕ್ಕನ್ನು ಹೇಳಲಾಗುವುದಿಲ್ಲ.

ಇಷ್ಟೆಲ್ಲ ಕೇಳುವುದಕ್ಕೆ ಕಾರಣವಿದೆ. 2005ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಯುಕೆಒಎಸ್ಎಸ್ ಎಂಬ ವ್ಯವಸ್ಥೆ ಆರಂಭವಾಯಿತು. ದೇಶದ ತಜ್ಞವೈದ್ಯರಿರುವ ಹೆರಿಗೆ ಆಸ್ಪತ್ರೆಗಳೆಲ್ಲ ತಮ್ಮಲ್ಲಿ ಕಂಡ ಅಪರೂಪದ ತೀವ್ರ ತೊಡಕುಗಳನ್ನು ಪ್ರತಿ ತಿಂಗಳು ಅದಕ್ಕೆ ತಿಳಿಸುತ್ತವೆ. ಒಂದೂ ಇಲ್ಲದಿದ್ದರೆ ಇಲ್ಲವೆಂದೇ ತಿಳಿಸಬೇಕು. ಹಾಗೆ ಒಟ್ಟುಗೂಡಿದ ಮಾಹಿತಿಯಿಂದ ಮಾಸು (ಪ್ಲಸೆಂಟಾ) ಗರ್ಭಕೋಶದ ಗೋಡೆಗೆ ಆಳವಾಗಿ ಬೇರುಬಿಡುವ ಅಕ್ರೀಟಾ ಎಂಬ ತೊಡಕನ್ನು 2010–11ರಲ್ಲಿ ಅಧ್ಯಯನ ಮಾಡಿದಾಗ, ಒಟ್ಟಾರೆ ಹೆರಿಗೆಗಳಲ್ಲಿ ಅದು 10,000ಕ್ಕೆ 1.7 ಇದ್ದರೆ, ಹಿಂದೆ ಸಿಸೇರಿಯನ್ ಆಗಿದ್ದು ಈ ಸಲ ಮಾಸು ಗರ್ಭಕೋಶದ ಬಾಯಿಯ ಬಳಿ ಕೆಳಗೆ ಕುಳಿತಿರುವವರಲ್ಲಿ 10,000ಕ್ಕೆ 577 ಎಂದು ಗೊತ್ತಾಯಿತು. ಗರ್ಭಕೋಶ ಬಿರಿಯುವ ತೊಡಕು, ಹಿಂದೆ ಸಿಸೇರಿಯನ್ ಆಗಿ ಈ ಸಲ ಸಹಜ ಹೆರಿಗೆಗೆ ಸಿದ್ಧರಾದವರಲ್ಲಿ 1,000ಕ್ಕೆ ಸುಮಾರು ಎರಡು. ಗಾಯ ಉದ್ದಕ್ಕಿದ್ದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಕಾಗದ ಇಲ್ಲದಿದ್ದರೆ ಇಲ್ಲಿನ ಡಾಕ್ಟರು ನಿಮ್ಮ ಹೆರಿಗೆಯ ಬಗ್ಗೆ ಊಹೆಯ ಮೇಲೆ ತೀರ್ಮಾನಿಸಬೇಕಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಭಾರತದ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಟ್ಟುಕೊಂಡರೆ ಸಾಕು. ಎರಡು ಮಕ್ಕಳ ನಡುವೆ ನಾವು ಬಿಡುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ನೀವು ಇಲ್ಲಿ ಬಸಿರಾಗಿ, ಮಿಡ್‌ವೈಫ್ ಕೇಳಿ, ಊರಿಗೆ ಫೋನ್ ಮಾಡುವ ಹೊತ್ತಿಗೆ ಆ ಕಡತ ರದ್ದಿಗೆ ಹೋಗಿರಬಹುದು. ನನ್ನ ಕಡತ ಉಳಿದಿತ್ತು. ಆದರೆ ಅದು ಕಕ್ಕಡದ ಮಳೆಗಾಲ. ಸೋಮವಾರಪೇಟೆಯಲ್ಲಿದ್ದ ನಮ್ಮಣ್ಣ ಒಮ್ಮೆ ಗುಡ್ಡ ಕುಸಿದು ರಸ್ತೆ ಬಂದ್ ಆಯಿತೆಂದು ಅರ್ಧದಾರಿಯಿಂದ ಮರಳಿದರು, ಮತ್ತೊಮ್ಮೆ ರೆಕಾರ್ಡ್ ರೂಮಿನವರು ರಜೆಯಲ್ಲಿದ್ದಾರೆಂದು ಬರಿಗೈಯಲ್ಲಿ ಬಂದರು, ಆಮೇಲೆ ರೋಗಿಯ ಸಹಿ ಇರುವ ಪತ್ರ ಬೇಕೆಂದು ಅವರನ್ನು ಹಿಂದಕ್ಕೆ ಕಳಿಸಿದರು. ಕೊನೆಗೆ ಸಿಕ್ಕ ಹಾಳೆಯಲ್ಲಿ, ಕೊಯ್ದ ಗಾಯ ಎಡಬದಿಗೆ ಹರಿದು ರಕ್ತಸ್ರಾವವಾಗಿತ್ತು ಎಂದು ಬರೆದಿತ್ತು. ಡಿಸ್ಚಾರ್ಜ್ ಕಾರ್ಡಿನಲ್ಲಿ ಅದರ ಸುಳಿವೂ ಇರಲಿಲ್ಲ. ಅಲ್ಲಿಯವರೆಗೆ ಹೆರಿಗೆ ಹೇಗೆ ಆಗಬೇಕೆಂಬ ತೀರ್ಮಾನವನ್ನು ಇಲ್ಲಿನ ತಜ್ಞರು ಮುಂದೂಡುತ್ತಲೇ ಬಂದಿದ್ದರು. ಅದೇ ನಿಯಮಾವಳಿಯ ಪ್ರಕಾರ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಮಗುವಿಗೆ ವೀಸಾ ಮಾಡಿಸುವ ಸಮಯದಲ್ಲೇ ನಿಮ್ಮ ಸಹಿ ಹಾಕಿದ ಅರ್ಜಿ ಕೊಟ್ಟು ಜೆರಾಕ್ಸ್ ತೆಗೆದುಕೊಳ್ಳಿ. ಆಗ ನಿಮಗೆ ರಕ್ತ ಹಾಕಿದ್ದರೆ ಅದರ ಚೀಟಿಯನ್ನೂ ಕೇಳಿ.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕು. ಹಿಂದೆ ಗರ್ಭಪಾತವಾಗಿ ಡಿ ಆಂಡ್ ಸಿ (ಗರ್ಭಕೋಶದ ಒಳಗನ್ನು ಕೆರೆದು ಶುಚಿಗೊಳಿಸುವುದು) ಮಾಡಿಸಿದ್ದನ್ನು ಅತ್ತೆಯ ಮುಂದೆ, ಕೆಲವೊಮ್ಮೆ ಗಂಡನ ಮುಂದೆಯೂ ಹೇಳದೆ ಉಳಿಯುವ ಹೆಣ್ಣುಮಕ್ಕಳಿದ್ದಾರೆ. ಗರ್ಭಕೋಶದ ಮೇಲೆ ಆದ ಹಿಂದಿನ ಯಾವುದೇ ಶಸ್ತ್ರಕ್ರಿಯೆ ಅಕ್ರೀಟಾದ ಅಪಾಯವನ್ನು ಹೆಚ್ಚಿಸುತ್ತದೆ. ಮಿಡ್‌ವೈಫ್ ಜೊತೆ ಒಬ್ಬರೇ ಮಾತನಾಡಬೇಕೆಂದು ಕೇಳಿದರೆ ಅವಕಾಶ ಕೊಡುತ್ತಾರೆ. ದಯವಿಟ್ಟು ಕೇಳಿ.

ಬಸುರಿಯ ಮನೆಯನ್ನು ಹುಡುಕಿಕೊಂಡು ಬರುವ ಆಶಾ ಕಾರ್ಯಕರ್ತೆ, ಕೈಗೆ ಕೊಡುವ ತಾಯಿ ಕಾರ್ಡ್, ಇವು ಕರ್ನಾಟಕದಲ್ಲಿ ಇಲ್ಲಿಗಿಂತ ಚೆನ್ನಾಗಿವೆ ಎಂದೇ ನನ್ನ ಅಭಿಪ್ರಾಯ. ಇಲ್ಲಿ ಮೊದಲ ಫೋನನ್ನು ನೀವೇ ಮಾಡಬೇಕು. ಆದರೆ ಸಾವಿನಂಚಿಗೆ ಹೋಗಿ ಬದುಕಿ ಬಂದ ತಾಯಿಯಿಂದ ಕಲಿಯುವುದರಲ್ಲಿ ಬ್ರಿಟನ್ ಬಹಳ ಮುಂದಿದೆ. ಸತ್ತವರ ವಿಷಯದಲ್ಲೂ ಹಾಗೆಯೇ, ಹೆಸರು ಬಿಟ್ಟುಕೊಡದೆ ತಾಯಂದಿರ ಸಾವಿನ ಕಾರಣ ಹುಡುಕುವ ಗೋಪ್ಯ ವಿಚಾರಣೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1952ರಿಂದ ನಡೆದು ಬಂದಿದೆ. ಬದುಕುಳಿದವರ ಪ್ರಕರಣಗಳ ಪರಿಶೀಲನೆಗೆ ಭಾರತ ಸರ್ಕಾರವೂ 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದು ಜಿಲ್ಲೆ ಜಿಲ್ಲೆಯಲ್ಲಿ ಜೀವಂತವಾಗಬೇಕೆಂಬುದು ನನ್ನ ಆಸೆ.

ಇಲ್ಲಿಯೇ ನಿಮಗೆ ಅಂಥ ತೊಡಕಾದರೆ, ಯುಕೆಒಎಸ್ಎಸ್‌ನಿಂದ ಉತ್ತರ ಬರುತ್ತದೆಂದು ಕಾಯಬೇಡಿ. ಅಲ್ಲಿಗೆ ಹೋಗುವ ಮಾಹಿತಿಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ನಿಮ್ಮ ಹೆರಿಗೆಯಲ್ಲಿ ಏನಾಯಿತೆಂದು ತಿಳಿಯಲು ಆಸ್ಪತ್ರೆಯ ತಜ್ಞರು ಅಥವಾ ಮಿಡ್‌ವೈಫ್ ಕುಳಿತು ವಿವರಿಸುವ ಭೇಟಿಯನ್ನು ಕೇಳಿ ಪಡೆಯಬೇಕು, ಜೊತೆಗೆ ನಿಮ್ಮ ದಾಖಲೆಗಳ ಪ್ರತಿಗೆ ಲಿಖಿತ ಅರ್ಜಿ ಕೊಡಬೇಕು. ಅದಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ, ಒಂದು ತಿಂಗಳೊಳಗೆ ಕೊಡಬೇಕೆಂಬುದು ಕಾನೂನು.