ಅಮೆರಿಕದಲ್ಲಿ ಕಾಂಡೊ ಕೊಳ್ಳುವವರೇ, ಮುಂಗಡಕ್ಕೆ ಮೊದಲು ಕಟ್ಟಡದ ಹೆಸರು ಹುಡುಕಿ

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಕಾಂಡೊಗೆ, ಅಂದರೆ ಸಮುಚ್ಚಯದೊಳಗಿನ ಸ್ವಂತ ಮನೆಗೆ, ಎಫ್‌ಎಚ್‌ಎ ಸಾಲ ಸಿಗುವುದಿಲ್ಲವೆಂದು ತಿಳಿದದ್ದು ಮುಂಗಡ ಕೊಟ್ಟು, ಮನೆಯ ಬೆಲೆ ಕಟ್ಟಿಸಿದ ಶುಲ್ಕವನ್ನೂ ತೆತ್ತ ಮೇಲೆ. ಅವಳ ಸಂಬಳದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಕಟ್ಟಡದಲ್ಲಿ. ಇದೇ ಪೇಚಿಗೆ ಸಿಕ್ಕ ಇನ್ನೂ ಮೂವರನ್ನು ನೋಡಿದ್ದೇನೆ.

ಎಫ್‌ಎಚ್‌ಎ ಎಂಬ ಸರ್ಕಾರಿ ಸಂಸ್ಥೆ ತಾನಾಗಿ ಸಾಲ ಕೊಡುವುದಿಲ್ಲ, ಬ್ಯಾಂಕು ಕೊಟ್ಟ ಸಾಲಕ್ಕೆ ವಿಮೆ ಒದಗಿಸುತ್ತದೆ. ಕ್ರೆಡಿಟ್ ಸ್ಕೋರ್ 580 ಅಥವಾ ಹೆಚ್ಚಿದ್ದರೆ ಕೈಯಿಂದ ಹಾಕಬೇಕಾದದ್ದು ಶೇ 3.5 ಮಾತ್ರ. ಆದರೆ ಕಾಂಡೊ ಕೊಳ್ಳುವುದಾದರೆ ನಿಮ್ಮ ಜೊತೆ ಇಡೀ ಸಮುಚ್ಚಯವೂ ಎಫ್‌ಎಚ್‌ಎ ಅನುಮೋದನೆಯಲ್ಲಿ ಪಾಸಾಗಬೇಕು.

ಮೊದಲು ನಿಮ್ಮ ಅರ್ಹತೆ. 2025ರ ಮೇ 25ರಿಂದ ಎಚ್‌1ಬಿಯಂಥ ತಾತ್ಕಾಲಿಕ ವೀಸಾದವರಿಗೆ ಈ ಬಾಗಿಲು ಮುಚ್ಚಿದೆ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇಲ್ಲದಿದ್ದರೆ ಮುಂದಿನದನ್ನು ಓದುವ ಶ್ರಮ ಬೇಡ.

ಎರಡನೆಯದು, ಅದು ನಿಜಕ್ಕೂ ಕಾಂಡೊ ಹೌದೇ? ಸಾಲುಮನೆಯಂತೆ ಕಾಣುವುದು ಕಾಗದದಲ್ಲಿ ಕಾಂಡೊ ಆಗಿರಬಹುದು. ಕಣ್ಣನ್ನು ನಂಬಬೇಡಿ, ಪತ್ರ ನೋಡಿ.

ಜನ ಎಡವುವುದು ಮೂರನೆಯ ಹಂತದಲ್ಲಿ: ಹೆಸರು. ಗೇಟಿನ ಫಲಕದಲ್ಲಿರುವುದು ಬಿಲ್ಡರ್ ಮಾರಾಟಕ್ಕೆಂದು ಇಟ್ಟ ಹೆಸರು. ಎಫ್‌ಎಚ್‌ಎ ಅನುಮೋದನೆಯ ಪಟ್ಟಿಯಲ್ಲಿ ಇರುವುದು ಕೌಂಟಿ ಕಚೇರಿಯಲ್ಲಿ ನೋಂದಣಿಯಾದ ಹೆಸರು. ನ್ಯೂಜೆರ್ಸಿಯಲ್ಲಿ ಆ ದಾಖಲೆಗೆ ಮಾಸ್ಟರ್ ಡೀಡ್ ಎನ್ನುತ್ತಾರೆ, ಬೇರೆ ಹಲವು ರಾಜ್ಯಗಳಲ್ಲಿ ಡಿಕ್ಲರೇಷನ್. ಮಾರುವವರ ಕ್ರಯಪತ್ರದ ಆಸ್ತಿ ವಿವರಣೆಯಲ್ಲೂ ಅದು ಸಿಗುತ್ತದೆ. ಅಕ್ಷರ ಬಿಡದೆ ಬರೆದುಕೊಳ್ಳಿ, ಸಮುಚ್ಚಯದ ನಿರ್ಮಾಣ ಹಂತದ (ಫೇಸ್) ಸಂಖ್ಯೆ ಸಮೇತ. ಒಂದೇ ಗೇಟಿನೊಳಗೆ ಒಂದನೇ ಹಂತಕ್ಕೆ ಅನುಮೋದನೆ ಇದ್ದು ಎರಡನೆಯದಕ್ಕೆ ಇಲ್ಲದಿರಬಹುದು. ಅಕ್ಕನ ಮಗಳು ಮುಗ್ಗರಿಸಿದ್ದು ಅಲ್ಲೇ: ಏಜೆಂಟ್ ತೋರಿಸಿದ ಅನುಮೋದನೆ ಪಕ್ಕದ ಹಂತದ್ದು.

ಇನ್ನು ಹುಡುಕಾಟ. ಅಮೆರಿಕದ ವಸತಿ ಇಲಾಖೆ ‘ಹಡ್’ ತನ್ನ ಜಾಲತಾಣದಲ್ಲಿ ಕಾಂಡೊ ಪಟ್ಟಿಯನ್ನು ಉಚಿತವಾಗಿ ಇಟ್ಟಿದೆ. ಹೆಸರು ಹಾಕಿ ಹುಡುಕಲೇಬೇಡಿ; ಒಂದು ಚುಕ್ಕಿ, ಒಂದು ಸಂಕ್ಷಿಪ್ತ ರೂಪ ಬದಲಾದರೂ ಸಿಗದೆ ಹೋಗಬಹುದು. ಜಿಪ್ ಕೋಡ್ ಹಾಕಿ, ಬಂದದ್ದನ್ನೆಲ್ಲ ಸಾಲುಸಾಲಾಗಿ ಓದಿ, ವಿಳಾಸ ತಾಳೆ ನೋಡಿ. ಹಣ ಪಡೆದು ‘ಅರ್ಹತಾ ವರದಿ’ ಕೊಡುತ್ತೇವೆ ಎನ್ನುವವರಿಗೆ ಒಂದು ಡಾಲರನ್ನೂ ಕೊಡಬೇಡಿ. ಮನೆ ಮಾರಾಟದ ಜಾಹೀರಾತಿನಲ್ಲಿ ‘ಎಫ್‌ಎಚ್‌ಎ ಅನುಮೋದಿತ’ ಎಂದಿದ್ದರೆ ಅದು ಯಾವ ಕಾಲದ ಮಾತೋ ಹೇಳಲಾಗದು.

ಹೆಸರು ಸಿಕ್ಕಿತೇ? ಸ್ಥಿತಿ ಮತ್ತು ಅವಧಿ ಮುಗಿಯುವ ದಿನಾಂಕ ನೋಡಿ. ಅನುಮೋದನೆಯ ಆಯುಸ್ಸು ಮೂರು ವರ್ಷ. ಸಾಲದ ಕಡತಕ್ಕೆ ಎಫ್‌ಎಚ್‌ಎ ಕೇಸ್ ನಂಬರ್ ಬೀಳುವ ದಿನ ಅದು ಜೀವಂತವಾಗಿರಬೇಕು. ನೀವು ಮನೆ ನೋಡಿದ ದಿನ ಇದ್ದರೆ ಸಾಲದು. ‘ನವೀಕರಣ ಆಗುತ್ತಿದೆ’ ಎಂಬ ಮಾತಿಗೆ ನಿವಾಸಿಗಳ ಸಂಘದಿಂದ ಬರವಣಿಗೆ ಕೇಳಿ.

ಪಟ್ಟಿಯಲ್ಲಿ ಇಲ್ಲದಿದ್ದರೂ ಒಂದು ದಾರಿ ಉಂಟು. 2019ರ ಅಕ್ಟೋಬರ್‌ನಿಂದ ಒಂದೇ ಮನೆಗೆ ಅನುಮೋದನೆ ಕೇಳಬಹುದು. ಸಮುಚ್ಚಯದಲ್ಲಿ ಕನಿಷ್ಠ ಐದು ಮನೆಗಳಿರಬೇಕು, ಅರ್ಧದಷ್ಟರಲ್ಲಾದರೂ ಮಾಲೀಕರೇ ವಾಸವಿರಬೇಕು. ಹತ್ತು ಅಥವಾ ಹೆಚ್ಚು ಮನೆಗಳಿದ್ದರೆ ಎಫ್‌ಎಚ್‌ಎ ಸಾಲದವು ಶೇ 10 ಮೀರಬಾರದು. ಹತ್ತಕ್ಕಿಂತ ಕಡಿಮೆ ಇದ್ದರೆ ಎರಡಕ್ಕೇ ಮಿತಿ. ಸಂಘವು ಪ್ರಶ್ನಾವಳಿ ತುಂಬಿಕೊಡಬೇಕು, ಬ್ಯಾಂಕಿಗೂ ಮನಸ್ಸಿರಬೇಕು. ನಾನಾದರೆ ಬ್ಯಾಂಕನ್ನು ಮೊದಲು ಕೇಳುತ್ತೇನೆ. ಅಲ್ಲಿ ಇಲ್ಲ ಎಂದರೆ ಸಂಘದ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಮಾಜಿ ಸೈನಿಕರ ವಿಎ ಸಾಲಕ್ಕೆ ಪಟ್ಟಿಯೇ ಬೇರೆ. ಇದನ್ನು ನೋಡಿ ಅದನ್ನು ಊಹಿಸಬೇಡಿ.

ಫಲಿತಾಂಶದ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ ಬ್ಯಾಂಕಿಗೆ ಕಳಿಸಿ. ‘ಸರಿ’ ಎಂಬ ಉತ್ತರ ಇಮೇಲ್‌ನಲ್ಲಿ ಬಂದ ಮೇಲೆ ಮುಂಗಡದ ಚೆಕ್ ಬರೆಯಿರಿ.