ಕಾರಿಗೆ ಎಚ್‌ಎಸ್‌ಆರ್‌ಪಿ: ಲಾಕ್ ಒತ್ತುವ ಮೊದಲು ನೋಡಬೇಕಾದ್ದು

2019ರ ಏಪ್ರಿಲ್ 1ರಿಂದೀಚೆಗೆ ತಯಾರಾದ ಕಾರುಗಳಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ರಿಜಿಸ್ಟ್ರೇಶನ್ ಪ್ಲೇಟ್, ಅಂದರೆ ಅತಿ ಸುರಕ್ಷಿತ ನೋಂದಣಿ ಫಲಕ) ನಂಬರ್ ಪ್ಲೇಟನ್ನು ಶೋರೂಮಿನವರೇ ಹಾಕಿಕೊಡುತ್ತಾರೆ. ಹಳೆಯ ಕಾರುಗಳಿಗೆ ಬುಕ್ ಮಾಡಿ, ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಳ್ಳಬೇಕು. ಕೆಲಸ ಸಣ್ಣದೇ. ಆದರೆ ಪ್ಲೇಟ್ ಹಿಡಿದಿಡುವ ಸ್ನ್ಯಾಪ್ ಲಾಕ್ ಒಮ್ಮೆ ಕೂತರೆ ಮುರಿಯದೆ ಹೊರಗೆ ಬರುವುದಿಲ್ಲ. ಹಾಗಾಗಿ ತಪಾಸಣೆಯೆಲ್ಲ ಅದಕ್ಕೂ ಮೊದಲೇ ಮುಗಿಯಬೇಕು.

ಆರ್‌ಸಿ ಕೈಯಲ್ಲಿ ಹಿಡಿದು ಎರಡೂ ಪ್ಲೇಟುಗಳ ನಂಬರನ್ನು ಒಂದೊಂದೇ ಅಕ್ಷರ ಓದಿ ತಾಳೆ ನೋಡಿ. ಕಾರಿನ ಪ್ಲೇಟ್ 500 x 120 ಮಿ.ಮೀ. ಅಥವಾ 340 x 200 ಮಿ.ಮೀ. ಅಳತೆಯದ್ದು, ನಿಮ್ಮ ಕಾರಿನ ಜಾಗಕ್ಕೆ ಯಾವುದು ಸರಿಹೊಂದುತ್ತದೆ ಎಂದು ಹಿಡಿದೇ ನೋಡಿ. ಎಡತುದಿಯಲ್ಲಿ ಅಶೋಕ ಚಕ್ರದ 20 ಮಿ.ಮೀ. ಹೊಲೋಗ್ರಾಂ, ಅದರ ಕೆಳಗೆ ಲೇಸರ್‌ನಲ್ಲಿ ಕೊರೆದ ಸಣ್ಣ ಸಂಖ್ಯೆ ಇರಬೇಕು. ಮುಂದಿನ ಪ್ಲೇಟಿನ ಲೇಸರ್ ಸಂಖ್ಯೆಯೇ ಬೇರೆ, ಹಿಂದಿನದ್ದೇ ಬೇರೆ. ಎರಡನ್ನೂ ಫೋಟೊ ತೆಗೆದಿಟ್ಟುಕೊಳ್ಳಿ.

ಹಳೆ ಪ್ಲೇಟ್ ಬಿಚ್ಚಿದ ಮೇಲೆ ಅದರಡಿಯ ಮಣ್ಣು, ಅಂಟು ಒರೆಸಿ. ಬಂಪರಿಗೆ ಮೊದಲೇ ರಂಧ್ರಗಳಿದ್ದರೆ ಅವನ್ನೇ ಬಳಸಲು ಹೇಳಿ. ಹೊಸದಾಗಿ ಕೊರೆಯಲೇಬೇಕೆಂದರೆ ಹಿಂದೆ ಪಾರ್ಕಿಂಗ್ ಸೆನ್ಸರಿನ ವೈರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆತುರದಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ. ರಂಧ್ರ ಲಾಕಿನ ಕಡ್ಡಿಗಿಂತ ದೊಡ್ಡದಾದರೆ ಪ್ಲೇಟ್ ಅಲುಗಾಡುತ್ತದೆ. ಹಿಂಬಾಗಿಲಿನ ತಗಡಿಗೆ ಕೊರೆದರೆ ಅಂಚಿಗೆ ಪ್ರೈಮರ್, ಟಚ್-ಅಪ್ ಪೇಂಟ್ ಹಚ್ಚಿಸಿ. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕಿನ ನೀರು ಪ್ಲೇಟಿನಡಿಯಿಂದ ಇಳಿಯತೊಡಗುತ್ತದೆ.

ಪ್ಲೇಟ್ ಬರೀ 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ. ಬಾಗಿದ ಬಂಪರಿನ ಮೇಲೆ ನೇರವಾಗಿ ಬಿಗಿದರೆ ಅದೂ ಬಾಗುತ್ತದೆ. ಹಿಂದೆ ಚಪ್ಪಟೆ ಬ್ರ್ಯಾಕೆಟ್ ಇರಲಿ. ಡಿಕ್ಕಿಯ ಬಾಗಿಲು ಮುಚ್ಚುವಾಗ ಗಡಗಡ ಸದ್ದು ಬಾರದಂತೆ ಹಿಂಬದಿಗೆ ಫೋಮ್ ಟೇಪಿನ ಎರಡು ತುಂಡು ಸಾಕು. ಹೊಲೋಗ್ರಾಂ ಅಥವಾ ಲೇಸರ್ ಸಂಖ್ಯೆಯನ್ನು ಮುಚ್ಚುವ ಅಲಂಕಾರದ ಫ್ರೇಮ್ ಬೇಡವೇ ಬೇಡ. ಅಂಗಡಿಯವರು ಎಷ್ಟೇ ಹೊಗಳಲಿ.

ಈಗ ಪ್ಲೇಟನ್ನು ಅದರ ಜಾಗದಲ್ಲಿ ಹಿಡಿದಿರಲು ಹೇಳಿ, ನೀವು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ: ಓರೆಯಿಲ್ಲವೇ, ನಂಬರ್ ಲೈಟಿನ ಬೆಳಕು ಬೀಳುತ್ತಿದೆಯೇ, ರಿವರ್ಸ್ ಕ್ಯಾಮೆರಾಗೆ ಅಡ್ಡವಾಗಿಲ್ಲವೇ? ಎಲ್ಲ ಸರಿಯಿದ್ದರೆ ಲಾಕ್ ಒತ್ತಿಸಿ. ಹಿಂದಿನ ಪ್ಲೇಟಿಗೆ ಕನಿಷ್ಠ ಎರಡು ಲಾಕ್ ಬೇಕು.

ಕೊನೆಯದು ಮುಂಗಾಜಿನ ಒಳಗೆ, ಎಡ ಮೇಲ್ಮೂಲೆಗೆ ಅಂಟಿಸುವ 100 x 60 ಮಿ.ಮೀ. ಸ್ಟಿಕ್ಕರ್. ಪೆಟ್ರೋಲ್, ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ ಬಣ್ಣ. ಅದರಲ್ಲಿ ಎರಡೂ ಲೇಸರ್ ಸಂಖ್ಯೆ ಅಚ್ಚಾಗಿರುತ್ತದೆ. ನಿಮ್ಮ ಫೋಟೊ ಜೊತೆ ಹೋಲಿಸಿ. ಗಾಜು ಒಣಗಿ ಸ್ವಚ್ಛವಾಗಿರಲಿ. ಕಿತ್ತು ಮತ್ತೆ ಅಂಟಿಸಲು ಹೋದರೆ ಸ್ಟಿಕ್ಕರ್ ಹರಿದುಹೋಗುತ್ತದೆ. ಮುಂದೆಂದಾದರೂ ಗಾಜು ಬದಲಿಸಿದರೆ ಹೊಸ ಸ್ಟಿಕ್ಕರ್ ಹಾಕಿಸಬೇಕು. ಲಾಕ್ ಮುರಿದರೂ ಅಷ್ಟೆ, ಸಾಮಾನ್ಯ ಸ್ಕ್ರೂ ಹಾಕಿ ಸುಮ್ಮನಾಗದೆ ಅಧಿಕೃತ ಕೇಂದ್ರದಲ್ಲೇ ಹೊಸದು ಹಾಕಿಸಿ.